ಕುಡಿದಿದ್ದ ಅಂತ ಬರೆಸಿದರೆ ಇನ್ಶೂರೆನ್ಸ್ ಸಿಗುವುದಿಲ್ವಾ? ಪಡುಬಿದ್ರಿ ಹತ್ತಿರದ ಅಪಘಾತ, ಸಲಹೆ ಬೇಕು

ಕುಳಾಯಿ ಅಕ್ಕ

ಕಾನೂನು ಗೊತ್ತಿರುವವರು, ಇಂಥದ್ದು ಅನುಭವಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ನನ್ನ ತಮ್ಮನಿಗೆ 32 ವರ್ಷ. ಎಸಿ, ಫ್ರಿಜ್ ರಿಪೇರಿ ಮಾಡುತ್ತಾನೆ, ಸ್ವಂತ ಕೆಲಸ. ಕಳೆದ ವಾರ ರಾತ್ರಿ ಉಡುಪಿಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಪಡುಬಿದ್ರಿ ಹತ್ತಿರ ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡಿನಿಂದ ಬಂದ ಕಾರು ಎದುರಿಗೇ ಗುದ್ದಿತು. ಬಲಗಾಲು, ಮೊಣಕಾಲಿನ ಕೆಳಗೆ ಎಲುಬು ಮುರಿದಿದೆ. ಆಪರೇಷನ್ ಆಗಿ ರಾಡ್ ಹಾಕಿದ್ದಾರೆ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಿಲ್ಲ. ಅದೊಂದು ಪುಣ್ಯ.

ಕಾರು ಓಡಿಸಿದವನು ಯಾವುದೋ ಮದರಂಗಿ ಗಮ್ಮತ್ತು ಮುಗಿಸಿ ಬರುತ್ತಿದ್ದನಂತೆ. ನೆಟ್ಟಗೆ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ, ಹತ್ತಿರ ಹೋದರೆ ವಾಸನೆ ಅಂತ ತಮ್ಮನನ್ನು ಎತ್ತಿದ ರಿಕ್ಷಾದವರು ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವನ ಕಡೆಯವರು ಇನ್ನೊಂದು ಕಾರು ತಂದು ಅವನನ್ನು ಕರೆದುಕೊಂಡು ಹೋದರು. ದೂರು ಕೊಟ್ಟದ್ದು ರಿಕ್ಷಾದವರೇ. ಎಫ್‌ಐಆರ್ ಆಗಿದೆ. ಅದರಲ್ಲಿ ಅತಿವೇಗ, ವಿರುದ್ಧ ದಿಕ್ಕು ಅಂತ ಉಂಟು, ಕುಡಿದ ವಿಷಯ ಇಲ್ಲ. ತಮ್ಮನ ಹೇಳಿಕೆ ಇನ್ನೂ ತೆಗೆದುಕೊಂಡಿಲ್ಲ.

ಕಾರು ಅವನ ಮಾವನ ಹೆಸರಲ್ಲಿದೆ. ಎರಡೂ ಕಡೆ ಪರಿಚಯ ಇರುವ ಒಬ್ಬರು ಆಸ್ಪತ್ರೆಗೆ ಬಂದು 75 ಸಾವಿರ ಕೊಡಿಸುತ್ತೇನೆ, ಕೋರ್ಟು ಗೀರ್ಟು ಬೇಡ ಅಂದರು. ನಾವು ಒಪ್ಪಲಿಲ್ಲ. ಆಗ ಮಾತು ಬದಲಾಯಿತು. "ಆಯ್ತು, ಕೇಸ್ ಹಾಕಿ. ಆದರೆ ಕುಡಿದಿದ್ದ ಅಂತ ಮಾತ್ರ ಬರೆಸಬೇಡಿ. ಬರೆಸಿದರೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ, ನಿಮಗೇ ನಷ್ಟ" ಅಂದರು. ಇದು ನಿಜವಾ? ಅಮ್ಮ ಹೆದರಿದ್ದಾರೆ. ಆಸ್ಪತ್ರೆ ಬಿಲ್ಲಿಗೆ ಈಗಾಗಲೇ ಚಿನ್ನ ಅಡವಿಟ್ಟಿದ್ದೇವೆ.

ಗೋಳಿಬಜೆ

ಎಂಚಿನ ಸಾವು ಮಾರಾಯ್ರೆ. ಗುದ್ದಿದವನ ಕಡೆಯವರೇ ಬಂದು ನಿಮ್ಮ ನಷ್ಟದ ಲೆಕ್ಕ ಹೇಳುವುದಾ?

ಸೀದಾ ಮಾತು

ಕೇಳಲಿಕ್ಕೆ ಕಹಿ ಆಗಬಹುದು, ಆದರೆ ಅವರು ಹೇಳಿದ್ದು ನಿಜ. ಕುಡಿದು ಓಡಿಸಿದರೆ ಪಾಲಿಸಿ ಷರತ್ತು ಮುರಿದ ಹಾಗೆ. ಕಂಪನಿ ಕೈ ಎತ್ತುತ್ತದೆ. ಆಮೇಲೆ ಮಾಲೀಕನ ಹಿಂದೆ ಓಡಬೇಕು. ಸುಮ್ನೆ ಅತಿವೇಗ ಅಂತ ಬಿಟ್ಟರೆ ಕ್ಲೇಮ್ ಸಲೀಸು. ನ್ಯಾಯ ಬೇಕಾ, ದುಡ್ಡು ಬೇಕಾ ಅಂತ ಮೊದಲು ನಿರ್ಧರಿಸಿ.

ಮಟ್ಟುಗುಳ್ಳ

ಇದನ್ನೇ ನಾನೂ ಕೇಳಿದ್ದೇನೆ. ನಮ್ಮ ಕಟಪಾಡಿಯಲ್ಲಿ ಎಲ್ಲರೂ ಹೀಗೇ ಹೇಳುವುದು.

ಕರಿಕೋಟು

ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. ನಾನು ಮಂಗಳೂರಿನಲ್ಲಿ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸು ನಡೆಸುವವನು, ಎರಡೂ ಕಡೆ ನಿಂತು ವಾದ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಒಂದು ಕಾರಿನ ಪಾಲಿಸಿಯಲ್ಲಿ ಎರಡು ಬೇರೆ ಬೇರೆ ವಿಷಯ ಇರುತ್ತದೆ. ಕಾರಿನ ಡ್ಯಾಮೇಜಿಗೆ ಮಾಲೀಕನಿಗೆ ಸಿಗುವ ಹಣ ಒಂದು. ಆ ಕಾರಿನಿಂದ ಪೆಟ್ಟು ತಿಂದ ಹೊರಗಿನವರಿಗೆ ಸಿಗುವ ಥರ್ಡ್ ಪಾರ್ಟಿ ಪರಿಹಾರ ಇನ್ನೊಂದು. ಕುಡಿದಿದ್ದ ಅಂತ ಸಾಬೀತಾದರೆ ಮೊದಲನೆಯದು ಹೋಗುತ್ತದೆ. ದೆಹಲಿಯಲ್ಲಿ 2007ರಲ್ಲಿ ನುಜ್ಜುಗುಜ್ಜಾದ ಒಂದು ಪೋರ್ಷೆ ಕಾರಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನೇ ಹೇಳಿತು. ಅಲ್ಲಿ ರಕ್ತಪರೀಕ್ಷೆಯ ಅಂಕಿ ಕೂಡ ಇರಲಿಲ್ಲ. ಡಾಕ್ಟರು ಬರೆದ ಮದ್ಯದ ವಾಸನೆ ಮತ್ತು ಅಪಘಾತ ಆದ ರೀತಿ, ಇಷ್ಟರಿಂದಲೇ ಕಂಪನಿ ಗೆದ್ದಿತು.

ಎರಡನೆಯದು, ಅಂದರೆ ನಿಮ್ಮ ತಮ್ಮನದ್ದು. ಅವನು ಪಾಲಿಸಿಗೆ ಸಹಿ ಹಾಕಿದವನಲ್ಲ, ಷರತ್ತು ಮುರಿದವನೂ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 150ನೇ ಕಲಮಿನಲ್ಲಿ, ಕಂಪನಿ ಎತ್ತಬಹುದಾದ ತಕರಾರುಗಳ ಪಟ್ಟಿಗೆ ಕುಡಿತವನ್ನೂ ಸೇರಿಸಿದರು. ಅದು ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. ಹಾಗಾಗಿ ಕಂಪನಿ ವಕೀಲರು ತಕರಾರು ಎತ್ತುತ್ತಾರೆ, ಅದು ಅವರ ಕೆಲಸ. ಆದರೆ ಕೋರ್ಟುಗಳು ಸಾಮಾನ್ಯವಾಗಿ ಕೊಡುವ ಆದೇಶ ಏನು ಗೊತ್ತಾ? ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. ಕೋರ್ಟಿನಲ್ಲಿ ಇದಕ್ಕೆ ಪೇ ಅಂಡ್ ರಿಕವರಿ ಅನ್ನುತ್ತೇವೆ. ಕುಡಿದ ಚಾಲಕನ ಕೇಸಿನಲ್ಲೇ ಕೇರಳ ಹೈಕೋರ್ಟ್ 2023ರಲ್ಲಿ ಹೀಗೆ ಹೇಳಿದೆ.

ಈಗ ಯೋಚಿಸಿ. ಕುಡಿದ ವಿಷಯ ದಾಖಲೆಗೆ ಬಂದರೆ ನಷ್ಟ ಯಾರಿಗೆ? ಕಾರಿನ ರಿಪೇರಿ ಹಣ ಹೋಗುವುದು ಮಾವನಿಗೆ. ನಿಮಗೆ ಕೊಟ್ಟ ಹಣವನ್ನು ಕಂಪನಿ ವಾಪಸ್ ಕೇಳುವುದು ಮಾವನ ಹತ್ತಿರ. ಆಸ್ಪತ್ರೆಗೆ ಬಂದ ಹಿರಿಯರು ಯಾರ ಜೇಬು ಕಾಯಲಿಕ್ಕೆ ಬಂದವರು ಅಂತ ಇನ್ನು ನಾನು ಹೇಳಬೇಕಾಗಿಲ್ಲ.

ಗೋಳಿಬಜೆ

ಅಬ್ಬಾ! ನಿಮಗೇ ನಷ್ಟ ಅಂದದ್ದು ಅವರ ನಷ್ಟವನ್ನಾ!

ಸೀದಾ ಮಾತು

ವಕೀಲರೇ, ಪುಸ್ತಕದ ಮಾತು ಸರಿ. ನಿಜ ಜೀವನದಲ್ಲಿ ಏನಾಗುತ್ತದೆ? ಕಂಪನಿ ತಕರಾರು ಎತ್ತಿತು ಅಂದರೆ ಸಾಕ್ಷಿ, ಪಾಟೀಸವಾಲು, ಆಮೇಲೆ ಬೆಂಗಳೂರಿಗೆ ಅಪೀಲು. ವರ್ಷಗಳು ಎಳೆಯುತ್ತದೆ. ಕುಡಿತದ ವಿಷಯವೇ ಇಲ್ಲದಿದ್ದರೆ ಲೋಕ ಅದಾಲತ್‌ನಲ್ಲಿ ಬೇಗ ಮುಗಿಯಬಹುದು. ಚಿನ್ನ ಅಡವಿಟ್ಟ ಮನೆಗೆ ಬೇಗ ಸಿಗುವುದೂ ಮುಖ್ಯ ಅಲ್ವಾ?

ಕರಿಕೋಟು

ತಡ ಆಗಬಹುದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ದಾಖಲೆ ಗಾಯಾಳುವಿನ ಕೈಯಲ್ಲಿ ಮಾತ್ರ ಇರುವುದಿಲ್ಲ. ರಿಕ್ಷಾದವರು ನಾಳೆ ಕೋರ್ಟಿನಲ್ಲಿ ವಾಸನೆ ಬರುತ್ತಿತ್ತು ಅಂದರೆ? ಪೊಲೀಸರು ಚಾಲಕನನ್ನು ಪರೀಕ್ಷೆಗೆ ಕಳುಹಿಸಿದ್ದು ನಿಮಗೆ ಗೊತ್ತಿಲ್ಲದೆ ಇದ್ದರೆ? ಆಗ ತಮ್ಮನ ಹೇಳಿಕೆ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಕಂಪನಿ ವಕೀಲರಿಗೆ ಹಬ್ಬ. ಕಂಡದ್ದನ್ನು ಕಂಡ ಹಾಗೆ ಹೇಳಿಸಿ, ಅಷ್ಟೇ. ತಮ್ಮ ಪೆಟ್ಟಾಗಿ ಬಿದ್ದಿದ್ದ, ಅವನಿಗೆ ವಾಸನೆ ಗೊತ್ತಾಗದೇ ಇರಬಹುದು. ಗೊತ್ತಾಗಿಲ್ಲ ಅಂದರೆ ಅದನ್ನೂ ಸೇರಿಸಬೇಡಿ. ರಿಕ್ಷಾದವರು ನೋಡಿದ್ದನ್ನು ರಿಕ್ಷಾದವರೇ ಹೇಳಲಿ, ಅವರ ಹೇಳಿಕೆಯನ್ನು ಪೂರ್ತಿ ತೆಗೆದುಕೊಳ್ಳಿ ಅಂತ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ.

ರಾತ್ರಿ ಪಾಳಿ

ನಾನು ನರ್ಸ್. ಎಮರ್ಜೆನ್ಸಿಯಲ್ಲಿ ನೋಡುವ ವಿಷಯ ಹೇಳುತ್ತೇನೆ. ಇಂಥ ಕೇಸುಗಳಲ್ಲಿ ಚಾಲಕ ಯಾಕೆ ಬೇಗ ಮಾಯ ಆಗುತ್ತಾನೆ ಅಂದರೆ, ಹೊತ್ತು ಹೋದ ಹಾಗೆ ರಕ್ತದಲ್ಲಿ ಮದ್ಯ ಇಳಿಯುತ್ತದೆ. ಹೆಚ್ಚುಕಮ್ಮಿ ಗಂಟೆಗೆ 100 ಮಿಲಿ ರಕ್ತಕ್ಕೆ 15 ಮಿಲಿಗ್ರಾಂ ಅಂತ ಲೆಕ್ಕ. ಕಾನೂನಿನ ಮಿತಿ 30 ಮಿಲಿಗ್ರಾಂ. ರಾತ್ರಿ ಚೆನ್ನಾಗಿ ಏರಿಸಿದವನೂ ಮರುದಿನ ಮಧ್ಯಾಹ್ನ ಠಾಣೆಗೆ ಬಂದು ಊದಿದರೆ ಸೊನ್ನೆ ಬರಬಹುದು. ಆಮೇಲೆ ಮನೆಗೆ ಹೋಗಿ ಹೆದರಿಕೆಗೆ ಕುಡಿದೆ ಅನ್ನುವವರೂ ಇದ್ದಾರೆ!

ತಮ್ಮನ ಎಂಎಲ್‌ಸಿ ದಾಖಲೆಯಲ್ಲಿ, ಅಂದರೆ ಪೊಲೀಸ್ ಕೇಸಿಗೆ ಅಂತ ಆಸ್ಪತ್ರೆಯವರು ಬರೆದಿಡುವ ದಾಖಲೆಯಲ್ಲಿ, ಅಪಘಾತ ಹೇಗಾಯಿತು ಅಂತ ಏನು ಬರೆದಿದ್ದಾರೆ, ಅದನ್ನು ಮೊದಲು ನೋಡಿ. ಗಡಿಬಿಡಿಯಲ್ಲಿ ಜೊತೆಗೆ ಬಂದವರು ಏನೋ ಹೇಳಿರುತ್ತಾರೆ, ಡ್ಯೂಟಿ ಡಾಕ್ಟರು "ಬೈಕಿನಿಂದ ಬಿದ್ದದ್ದು" ಅಂತ ಬರೆದುಬಿಡುತ್ತಾರೆ. ಆ ಒಂದು ಸಾಲು ಆಮೇಲೆ ಜೀವ ಹಿಂಡುತ್ತದೆ.

ಕರಿಕೋಟು

ಈ ಮಾತಿಗೆ ನೂರು ಅಂಕ. ಕಂಪನಿಯವರು ಮೊದಲು ನೋಡುವುದೇ ಆ ಸಾಲು. ಬಿದ್ದದ್ದು ಅಂತ ಇದ್ದರೆ ಕಾರು ಗುದ್ದಲೇ ಇಲ್ಲ ಅಂತ ವಾದ ಶುರು.

ಕುಳಾಯಿ ಅಕ್ಕ

ಎಲ್ಲರಿಗೂ ಧನ್ಯವಾದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾರು ಡಿಕ್ಕಿ ಅಂತ ಸರಿಯಾಗಿ ಉಂಟು, ಈಗ ನೋಡಿದೆ. ಇನ್ನೊಂದು ಪ್ರಶ್ನೆ. ಕೇಸ್ ಎಲ್ಲಿ ಹಾಕುವುದು? ಅಪಘಾತ ಆದದ್ದು ಉಡುಪಿ ಜಿಲ್ಲೆಯಲ್ಲಿ, ನಾವಿರುವುದು ಮಂಗಳೂರು ತಾಲೂಕು. ಮತ್ತೆ 75 ಸಾವಿರ ಅನ್ನುವುದು ಸಾಕಾ, ಕಮ್ಮಿಯಾ ಅಂತ ಅಂದಾಜು ಸಿಗಬಹುದಾ?

ಮಟ್ಟುಗುಳ್ಳ

ಅಪಘಾತ ಎಲ್ಲಿ ಆಯಿತೋ ಅಲ್ಲೇ. ಉಡುಪಿ ಕೋರ್ಟು.

ಹಾಲಾಡಿ ಹೈದ

ಹ್ವಾಯ್, ಹಾಗೇನಿಲ್ಲ. ನಮ್ಮ ಚಿಕ್ಕಪ್ಪನಿಗೆ ಪೆಟ್ಟಾದದ್ದು ಸುರತ್ಕಲ್‌ನಲ್ಲಿ, ಕೇಸು ನಡೆದದ್ದು ಕುಂದಾಪುರದಲ್ಲಿ. ಗಾಯಾಳು ಇರುವ ಊರಿನಲ್ಲೂ ಹಾಕಬಹುದು.

ಕರಿಕೋಟು

ಹೈದ ಹೇಳಿದ್ದು ಸರಿ. ಅಪಘಾತ ಆದ ಜಾಗ, ಗಾಯಾಳು ವಾಸ ಇರುವ ಜಾಗ, ಎದುರು ಪಾರ್ಟಿ ಇರುವ ಜಾಗ, ಎಲ್ಲಿ ಬೇಕಾದರೂ ಹಾಕಬಹುದು. ಕಾಲು ಮುರಿದವನಿಗೆ ಓಡಾಟ ಕಮ್ಮಿ ಇರುವುದೇ ಒಳ್ಳೆಯದು, ನೀವು ಮಂಗಳೂರಿನಲ್ಲೇ ಹಾಕಿ.

ಹಣದ ಬಗ್ಗೆ ಈಗಲೇ ಅಂಕಿ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ತಮ್ಮನ ತಿಂಗಳ ಆದಾಯ 18 ಸಾವಿರ ಅಂತ ಕೋರ್ಟು ಒಪ್ಪಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 2,16,000. ವಯಸ್ಸು 31ರಿಂದ 35ರ ಒಳಗೆ ಇದ್ದರೆ ಗುಣಕ 16. ಇದು 2009ರ ಸರಳಾ ವರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಪಟ್ಟಿ. ಅಲ್ಲಿಗೆ 34,56,000. ಇದರಲ್ಲಿ ಅಂಗವೈಕಲ್ಯ ಎಷ್ಟು ಶೇಕಡಾವೋ ಅಷ್ಟು. ಡಾಕ್ಟರು ಕಾಲಿಗೆ ಶೇ 30 ಅಂದರೆ ನಮ್ಮ ಟ್ರಿಬ್ಯುನಲ್‌ಗಳು (ಅಪಘಾತ ಪರಿಹಾರದ ಕೋರ್ಟುಗಳು) ಇಡೀ ದೇಹಕ್ಕೆ ಅದರ ಮೂರನೇ ಒಂದು ಅಂಶ, ಅಂದರೆ ಶೇ 10 ಹಿಡಿಯುವುದು ರೂಢಿ. ಹಾಗೆ ಹಿಡಿದರೂ ಮುಂದಿನ ಆದಾಯ ನಷ್ಟ ಒಂದಕ್ಕೇ 3,45,600 ಆಗುತ್ತದೆ. ಆಸ್ಪತ್ರೆ ಬಿಲ್ಲು, ಕೆಲಸ ಇಲ್ಲದೆ ಕೂತ ತಿಂಗಳುಗಳ ಆದಾಯ, ನೋವು, ನೋಡಿಕೊಂಡವರ ಖರ್ಚು, ಆಹಾರ, ಓಡಾಟ, ಮುಂದೆ ರಾಡ್ ತೆಗೆಯುವ ಆಪರೇಷನ್, ಇದೆಲ್ಲ ಬೇರೆ. ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ. 75 ಸಾವಿರ ಎಲ್ಲಿ ನಿಲ್ಲುತ್ತದೆ ಅಂತ ನೀವೇ ನೋಡಿ.

ಇನ್ನು ಆ ಮೂರನೇ ಒಂದು ಅಂಶದ ರೂಢಿಯನ್ನೂ ಸುಮ್ನೆ ಒಪ್ಪಬೇಕಾಗಿಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ. ಡಾಕ್ಟರು ಹೇಳಿದ ಶೇಕಡಾ ಬೇರೆ, ಆ ಮನುಷ್ಯನ ಕೆಲಸಕ್ಕೆ ಆದ ನಷ್ಟದ ಶೇಕಡಾ ಬೇರೆ. ಕೂತು ಲೆಕ್ಕ ಬರೆಯುವವನಿಗೆ ಕಾಲು ಮಡಚದಿದ್ದರೆ ಒಂದು ರೀತಿ. ಎಸಿ ಔಟ್‌ಡೋರ್ ಯೂನಿಟ್ ಹಿಡಿದು ಏಣಿ ಹತ್ತುವವನಿಗೆ ಬೇರೆ ರೀತಿ. ತಮ್ಮ ಏನು ಕೆಲಸ ಮಾಡುತ್ತಿದ್ದ, ಎಲ್ಲಿ ಹತ್ತುತ್ತಿದ್ದ, ಎಷ್ಟು ಭಾರ ಎತ್ತುತ್ತಿದ್ದ ಅನ್ನುವುದು ಸಾಕ್ಷಿಯಲ್ಲಿ ಬರಲೇಬೇಕು. ಹೆಚ್ಚಿನವರು ಇಲ್ಲೇ ಕಳೆದುಕೊಳ್ಳುವುದು.

ನೀರ್‌ದೋಸೆ

ಆದಾಯಕ್ಕೆ ದಾಖಲೆ? ಇಂಥ ಕೆಲಸದವರ ಹತ್ತಿರ ಸಂಬಳದ ಚೀಟಿ ಎಲ್ಲಿರುತ್ತದೆ ಮಾರಾಯ್ರೆ.

ಕುಳಾಯಿ ಅಕ್ಕ

ಅದೇ ಚಿಂತೆ. ಅವನು ರಿಟರ್ನ್ಸ್ ಗಿಟರ್ನ್ಸ್ ಏನೂ ಹಾಕಿಲ್ಲ. ಗಿರಾಕಿಗಳು ಫೋನ್‌ಪೇ, ಗೂಗಲ್ ಪೇ ಮಾಡುತ್ತಿದ್ದರು. ಕೆಲವರು ಕ್ಯಾಶ್.

ಸರ್ವೇಯರ್ 66

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಅಪಘಾತಕ್ಕೆ ಮೊದಲಿನ ಒಂದು ವರ್ಷದ್ದಾದರೂ ಬೇಕು. ಯುಪಿಐ ಜಮೆಗಳು ಅಲ್ಲೇ ಕಾಣುತ್ತವೆ. ಬಿಡಿಭಾಗ ತಂದ ಅಂಗಡಿ ಬಿಲ್ಲು, ಗ್ಯಾಸ್ ತುಂಬಿಸಿದ ಬಿಲ್ಲು, ಅಪಾರ್ಟ್‌ಮೆಂಟಿನವರು ಕೊಟ್ಟ ವರ್ಷದ ಕಾಂಟ್ರಾಕ್ಟ್ ಪತ್ರ, ಐಟಿಐ ಸರ್ಟಿಫಿಕೇಟ್, ಏನಿದೆಯೋ ಎಲ್ಲ ಒಂದು ಕಡೆ ಹಾಕಿ. ಈಗ ಗಡಿಬಿಡಿಯಲ್ಲಿ ಹಳೇ ರಿಟರ್ನ್ಸ್ ಹಾಕಿ ದೊಡ್ಡ ಆದಾಯ ತೋರಿಸುವ ಬುದ್ಧಿವಂತಿಕೆ ಬೇಡ. ಅಪಘಾತದ ನಂತರ ಹಾಕಿದ್ದು ಅಂತ ತಾರೀಕೇ ಹೇಳುತ್ತದೆ.

ಕರಿಕೋಟು

ಏನೂ ಇಲ್ಲದಿದ್ದರೂ ಪೂರ್ತಿ ಕೈಬಿಡುವುದಿಲ್ಲ. ನಮ್ಮ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ್ದು ಒಂದು ಚಾರ್ಟ್ ಉಂಟು, ಅಪಘಾತ ಆದ ವರ್ಷಕ್ಕೆ ತಕ್ಕಂತೆ ಇಷ್ಟು ಆದಾಯ ಅಂತ. ಲೋಕ ಅದಾಲತ್‌ಗೆ ಮಾಡಿದ್ದು, ಹೈಕೋರ್ಟು ಕೂಡ ಅದನ್ನೇ ನೋಡುತ್ತದೆ. ಆದರೆ ಕೈಕಸುಬು ಗೊತ್ತಿರುವವನಿಗೆ ಆ ಚಾರ್ಟ್ ಕಮ್ಮಿ ಆಗುತ್ತದೆ. ಅದಕ್ಕೇ ದಾಖಲೆ ಕೇಳುವುದು.

ಮಲ್ಪೆ ಗಾಳಿ

ಎಲ್ಲರೂ ಕೋರ್ಟು ಕೋರ್ಟು ಅನ್ನುತ್ತೀರಿ. ನಿಜವಾದ ಸಮಸ್ಯೆ ಆ ಮದರಂಗಿ ಪಾರ್ಟಿಗಳು. ಮೊದಲು ಮದರಂಗಿ ಅಂದರೆ ಮನೆಯ ಹೆಂಗಸರು, ಒಂದು ಸಣ್ಣ ಊಟ. ಈಗ ಡಿಜೆ, ಲೈಟು, ಗದ್ದೆ ಬದಿಯಲ್ಲಿ ಕಾರಿನ ಡಿಕ್ಕಿಯೇ ಬಾರು. ಮದುವೆಗಿಂತ ಅದಕ್ಕೇ ಖರ್ಚು ಜಾಸ್ತಿ.

ಗೋಳಿಬಜೆ

ನಮ್ಮ ಕಡೆ ಕ್ರಿಶ್ಚಿಯನ್ ಮದುವೆಯ ಮೊದಲಿನ ರೋಸ್ ದಿನ ಕೂಡ ಅಷ್ಟೇ. ಆದರೆ ಈಗ ಹುಡುಗರು ಒಂದು ಟೆಂಪೋ ಬುಕ್ ಮಾಡಿ ಹೋಗುವುದನ್ನು ನೋಡಿದ್ದೇನೆ. ಅಷ್ಟು ಬುದ್ಧಿ ಬಂದಿದೆ.

ಮಟ್ಟುಗುಳ್ಳ

ಹೈವೇ ಬದಿ ವೈನ್‌ಶಾಪ್ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ? 500 ಮೀಟರ್ ಅಂತ. ಎಲ್ಲಿ ಹೋಯಿತು ಅದು?

ಹಾಲಾಡಿ ಹೈದ

2016ರ ಡಿಸೆಂಬರಿನ ಆದೇಶ, 2017ರ ಏಪ್ರಿಲ್‌ನಿಂದ ಜಾರಿ. ಆಮೇಲೆ ಸಣ್ಣ ಊರುಗಳಿಗೆ 220 ಮೀಟರ್ ಮಾಡಿದರು, ಪೇಟೆಗಳಿಗೆ ಸಡಿಲ ಮಾಡಿದರು. ಈಗ ಹೆದ್ದಾರಿ 66ರಲ್ಲಿ ಬಂದರೆ ಬೋರ್ಡು ಕಾಣುವುದಿಲ್ಲ ಅಂತ ಯಾರಾದರೂ ಹೇಳಲಿ ನೋಡುವ.

ಮಲ್ಪೆ ಗಾಳಿ

ರಾಂಗ್ ಸೈಡಿಗೂ ಒಂದು ಕಾರಣ ಉಂಟು. ಯೂ ಟರ್ನ್ ಅಷ್ಟು ದೂರ ಕೊಟ್ಟರೆ ಕುಡಿಯದವನೂ ಸರ್ವಿಸ್ ರಸ್ತೆಯಲ್ಲಿ ಉಲ್ಟಾ ಬರುತ್ತಾನೆ.

ರಾತ್ರಿ ಪಾಳಿ

ಬರಬಾರದು ಅಷ್ಟೇ. ಎಮರ್ಜೆನ್ಸಿಗೆ ಒಂದು ರಾತ್ರಿ ಬಂದು ಕೂತುಕೊಳ್ಳಿ, ಯೂ ಟರ್ನ್ ದೂರ ಅನ್ನಿಸುವುದಿಲ್ಲ.

ನೀರ್‌ದೋಸೆ

ಅಕ್ಕನ ಪ್ರಶ್ನೆಗೆ ವಾಪಸ್ ಬನ್ನಿ ಎಲ್ಲರೂ. ನಮ್ಮ ನೆರೆಮನೆಯಲ್ಲಿ ಆದದ್ದು ಹೇಳುತ್ತೇನೆ. ಅವರ ಮಗನಿಗೆ ಕಾರು ಗುದ್ದಿ ತೊಡೆ ಎಲುಬು ಮುರಿಯಿತು. ಊರ ದೊಡ್ಡವರೆಲ್ಲ ಸೇರಿ ಮಾತುಕತೆ ಮಾಡಿಸಿದರು. ಸ್ಟಾಂಪ್ ಪೇಪರಿನಲ್ಲಿ ಇನ್ನು ಏನೂ ಕೇಳುವುದಿಲ್ಲ ಅಂತ ಸಹಿ. ಕೇಸೇ ಆಗಲಿಲ್ಲ. ಒಂದು ವರ್ಷದೊಳಗೆ ಎಲುಬು ಕೂಡಲಿಲ್ಲ ಅಂತ ಮತ್ತೆ ಆಪರೇಷನ್. ಆ ದೊಡ್ಡವರಿಗೆ ಫೋನ್ ಮಾಡಿದರೆ ಒಬ್ಬರೂ ಎತ್ತಲಿಲ್ಲ. ಸಹಿ ಹಾಕುವ ಮೊದಲು ಇದನ್ನು ನೆನಪಿಡಿ.

ಸೀದಾ ಮಾತು

ಅದು ಕೇಸೇ ಮಾಡದವರ ಕಥೆ. ಇಲ್ಲಿ ಎಫ್‌ಐಆರ್ ಆಗಿದೆಯಲ್ಲ. ಹಣ ತೆಗೆದುಕೊಂಡು ಕೇಸೂ ನಡೆಸಬಹುದಲ್ವಾ?

ಕರಿಕೋಟು

ಅವರು ಆಸ್ಪತ್ರೆ ಖರ್ಚಿಗೆ ಅಂತ ಏನೂ ಬರೆಸಿಕೊಳ್ಳದೆ ಕೊಟ್ಟರೆ ತೆಗೆದುಕೊಳ್ಳುವುದು ತಪ್ಪಲ್ಲ. ಕೋರ್ಟಿಗೆ ಅದನ್ನು ಮುಚ್ಚಿಡಬೇಡಿ, ಅಷ್ಟೇ. ಆದರೆ ಪೂರ್ತಿ ತೀರ್ಮಾನ ಆಯಿತು ಅಂತ ಬರೆದ ಕಾಗದಕ್ಕೆ ಸಹಿ ಬೇಡ. ಹೀಗೆ ಕೊಡುವವರಲ್ಲಿ ಕಾಗದ ಇಲ್ಲದೆ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಕ್ರಿಮಿನಲ್ ಕೇಸ್ ನಿಮ್ಮ ಕೈಯಲ್ಲಿ ಇಲ್ಲ ಅನ್ನುವುದೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 281, ಅಂದರೆ ಅಜಾಗರೂಕ ಚಾಲನೆ, ರಾಜಿ ಆಗುವಂಥದ್ದಲ್ಲ. ಕುಡಿದು ಓಡಿಸಿದ್ದಕ್ಕೆ ಮೋಟಾರು ಕಾಯ್ದೆಯ 185 ಬೇರೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10 ಸಾವಿರ ದಂಡ ಅಥವಾ ಎರಡೂ. ಆ ದಂಡ ಸರಕಾರಕ್ಕೆ ಹೋಗುತ್ತದೆ. ಅವನು ದಂಡ ಕಟ್ಟಿದ ಅಂದರೆ ನಿಮಗೆ ಹಣ ಬಂತು ಅಂತ ಅಲ್ಲ, ನಿಮ್ಮ ಕ್ಲೇಮ್ ಮುಗಿಯಿತು ಅಂತಲೂ ಅಲ್ಲ. ತಪ್ಪೊಪ್ಪಿ ದಂಡ ಕಟ್ಟಿದರೆ ಆ ಆದೇಶದ ಪ್ರತಿ ತೆಗೆದಿಡಿ, ಟ್ರಿಬ್ಯುನಲ್‌ನಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಕುಡಿದಿದ್ದ ಅಂತ ಆದರೆ ಪರಿಹಾರ ದುಪ್ಪಟ್ಟು ಸಿಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಇಲ್ಲ. ನಮ್ಮಲ್ಲಿ ಲೆಕ್ಕ ನಡೆಯುವುದು ಗಾಯಾಳುವಿನ ನಷ್ಟದ ಮೇಲೆ, ಗುದ್ದಿದವನ ಪಾಪದ ಮೇಲೆ ಅಲ್ಲ. ಕುಡಿತ ಸಾಬೀತಾಗದೆ ಹೋದರೂ ರಾಂಗ್ ಸೈಡ್ ಒಂದೇ ಸಾಕು. ಆದ್ದರಿಂದ ಶಕ್ತಿಯನ್ನೆಲ್ಲ ಅದಕ್ಕೇ ಖರ್ಚು ಮಾಡಬೇಡಿ. ಸ್ಕೆಚ್, ಮಹಜರು, ಬೈಕು ಕಾರು ಎಲ್ಲಿ ಜಖಂ ಆಗಿವೆ ಅನ್ನುವ ಮೋಟಾರು ವಾಹನ ಇನ್ಸ್‌ಪೆಕ್ಟರ ವರದಿ, ಇವು ಸರಿ ಇವೆಯಾ ನೋಡಿ.

ಸರ್ವೇಯರ್ 66

ಸಿಸಿಟಿವಿ! ಇದನ್ನು ಯಾರೂ ಹೇಳಲಿಲ್ಲ. ಅಂಗಡಿ, ಪೆಟ್ರೋಲ್ ಬಂಕ್ ಕ್ಯಾಮೆರಾಗಳಲ್ಲಿ ಸ್ವಲ್ಪ ದಿನದಲ್ಲೇ ಹಳೆಯದರ ಮೇಲೆ ಹೊಸದು ಬರುತ್ತದೆ. ಇವತ್ತೇ ಯಾರನ್ನಾದರೂ ಕಳುಹಿಸಿ, ಪೊಲೀಸರಿಗೂ ಬರೆದು ಕೊಡಿ. ಬೈಕ್ ರಿಪೇರಿಗೆ ಬಿಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ.

ಕಾರಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ.

ಕುಳಾಯಿ ಅಕ್ಕ

ನೋಡಿದೆ. ಚಾಲ್ತಿಯಲ್ಲಿದೆ. ಒಂದು ವೇಳೆ ಇಲ್ಲದಿದ್ದರೆ ಏನಾಗುತ್ತಿತ್ತು?

ಕರಿಕೋಟು

ಆಗ ಮಾಲೀಕ ಮತ್ತು ಚಾಲಕನೇ ಕೊಡಬೇಕು. ಕೊಡದಿದ್ದರೆ 174ನೇ ಕಲಂ ಪ್ರಕಾರ ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ಮಾಡಬಹುದು. ಹೇಳಲಿಕ್ಕೆ ಸುಲಭ, ಆಸ್ತಿ ಹುಡುಕುವುದರಲ್ಲೇ ಸಾಕಾಗುತ್ತದೆ. ನಿಮಗೆ ಆ ತಲೆಬಿಸಿ ಇಲ್ಲ.

ಪಂಪ್‌ವೆಲ್ ಪ್ರಯಾಣಿಕ

ಕಳೆದ ವರ್ಷದಿಂದ ಕ್ಯಾಶ್‌ಲೆಸ್ ಏನೋ ಬಂದಿದೆಯಲ್ಲ? ಒಂದೂವರೆ ಲಕ್ಷದವರೆಗೆ ಫ್ರೀ ಅಂತ. ಚಿನ್ನ ಯಾಕೆ ಅಡವಿಟ್ಟದ್ದು?

ರಾತ್ರಿ ಪಾಳಿ

2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಸ್ಕೀಮು. ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ. ಆದರೆ ಗೊತ್ತುಪಡಿಸಿದ ಆಸ್ಪತ್ರೆ ಆಗಿರಬೇಕು, ಪೊಲೀಸರು ಆನ್‌ಲೈನಿನಲ್ಲಿ ಇದು ರಸ್ತೆ ಅಪಘಾತ ಅಂತ ದೃಢಪಡಿಸಬೇಕು. ಆ ಗಡಿಬಿಡಿಯಲ್ಲಿ ಮನೆಯವರಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ? ಕೌಂಟರಿನವರು ತಾವಾಗಿ ಹೇಳುವುದೂ ಕಮ್ಮಿ. ಅಕ್ಕನನ್ನು ದೂರಬೇಡಿ.

ಹಾಲಾಡಿ ಹೈದ

ಮೆಡಿಕ್ಲೇಮ್ ಇದ್ದರೆ? ಅದರಲ್ಲಿ ಬಂದ ಹಣವನ್ನು ಕೋರ್ಟಿನಲ್ಲಿ ಕಡಿಯುತ್ತಾರೆ ಅಂತ ಕೇಳಿದ್ದೇನೆ. ಪ್ರೀಮಿಯಂ ಕಟ್ಟಿದ್ದು ನಾವು, ಲಾಭ ಗುದ್ದಿದವನ ಕಂಪನಿಗಾ?

ಕರಿಕೋಟು

ಅದು ಇನ್ನೂ ಜಗಳದ ವಿಷಯ. ಕಡಿಯಬಾರದು ಅಂತ ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರಲ್ಲಿ ಹೇಳಿದೆ. ನಮ್ಮ ಕಡೆ ಕಡಿದದ್ದೂ ಉಂಟು. ಕೇಳುವುದನ್ನು ಕೇಳಿ.

ಮಟ್ಟುಗುಳ್ಳ

ಕೇಸ್ ಹಾಕಲಿಕ್ಕೆ ಆರೇ ತಿಂಗಳು ಟೈಮ್ ಅಂತೆ. ಬೇಗ ಮಾಡಿ ಅಕ್ಕ.

ಪಂಪ್‌ವೆಲ್ ಪ್ರಯಾಣಿಕ

ಅದನ್ನು ಸುಪ್ರೀಂ ಕೋರ್ಟ್ ತಡೆದಿದೆ, ಈಗ ಗಡುವೇ ಇಲ್ಲ.

ಕರಿಕೋಟು

ಇಬ್ಬರೂ ಅರ್ಧ ಸರಿ. ಮೋಟಾರು ಕಾಯ್ದೆಯ 166(3)ರಲ್ಲಿ 6 ತಿಂಗಳು ಅಂತ ಉಂಟು. ಅದನ್ನು ಪ್ರಶ್ನಿಸಿದ ಕೇಸುಗಳು ನಡೆಯುತ್ತಿವೆ. ಅಷ್ಟರ ತನಕ ತಡ ಆಯಿತು ಅಂತ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂದಿದೆ. ಮಧ್ಯಂತರ ಅಂದರೆ ನಾಳೆ ಬದಲಾಗಬಹುದು. ಅದನ್ನು ನಂಬಿ ಮಲಗಬೇಡಿ, 6 ತಿಂಗಳ ಒಳಗೇ ಹಾಕಿ. ಪೊಲೀಸರೂ 3 ತಿಂಗಳೊಳಗೆ ಟ್ರಿಬ್ಯುನಲ್‌ಗೆ ಅಪಘಾತದ ವರದಿ ಕಳುಹಿಸಬೇಕು ಅಂತ ಕಾಯ್ದೆಯಲ್ಲಿದೆ. ಅವರು ಕಳುಹಿಸುತ್ತಾರೆ ಅಂತ ಕಾಯಬೇಡಿ.

ಆದರೆ ಅರ್ಜಿ ಬೇಗ ಹಾಕುವುದು ಬೇರೆ, ಬೇಗ ಮುಗಿಸುವುದು ಬೇರೆ. ಎಲುಬು ಪೂರ್ತಿ ಕೂಡಿ, ಡಾಕ್ಟರು ಇನ್ನು ಇಷ್ಟೇ ಅನ್ನುವ ಮೊದಲು ಲೋಕ ಅದಾಲತ್‌ನಲ್ಲಿ ಕೈಕುಲುಕಬೇಡಿ. ಅಲ್ಲಿ ಆದ ರಾಜಿಗೆ ಅಪೀಲು ಇಲ್ಲ. ಅಂಗವೈಕಲ್ಯದ ಸರ್ಟಿಫಿಕೇಟ್ ಬರೀ ಫೈಲಿಗೆ ಹಾಕಿದರೆ ಸಾಲದು, ಡಾಕ್ಟರು ಬಂದು ಸಾಕ್ಷಿ ಹೇಳಬೇಕು. ಎಕ್ಸ್‌ರೇ ಫಿಲ್ಮ್‌ಗಳನ್ನು ಮಳೆಗಾಲದಲ್ಲಿ ಅಟ್ಟದ ಮೇಲೆ ಹಾಕಿ ಹಾಳು ಮಾಡಿಕೊಂಡವರು ತುಂಬಾ ಜನ.

ಗೋಳಿಬಜೆ

ವಕೀಲರ ಫೀಸ್ ಎಷ್ಟು ಅಂತಲೂ ಹೇಳಿ ಸ್ವಾಮಿ. ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅಂತ ಆಸ್ಪತ್ರೆ ಗೇಟಿನಲ್ಲೇ ವಿಸಿಟಿಂಗ್ ಕಾರ್ಡ್ ಹಿಡಿದು ನಿಲ್ಲುವವರು ಇದ್ದಾರಲ್ಲ.

ಕರಿಕೋಟು

ಇದ್ದಾರೆ, ನಾಚಿಕೆಗೇಡು. ಪರಿಹಾರದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಫೀಸ್ ಎಷ್ಟು, ಯಾವಾಗ ಅಂತ ಮೊದಲೇ ಮಾತಾಡಿ, ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಕಷ್ಟ ಅಂತಾದರೆ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಕಮ್ಮಿ ಇರುವವರಿಗೆ, ಅಂಗವಿಕಲರಿಗೆ, ಹೆಂಗಸರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕುಳಾಯಿ ಅಕ್ಕ

ಇವತ್ತು ಪೊಲೀಸರು ಬಂದು ತಮ್ಮನ ಹೇಳಿಕೆ ತೆಗೆದುಕೊಂಡರು. ಕಾರು ಉಲ್ಟಾ ಬಂದದ್ದು, ಓಡಿಸಿದವನು ಇಳಿಯುವಾಗ ಬಾಗಿಲು ಹಿಡಿದು ತೂರಾಡಿದ್ದು, ಅವನು ನೋಡಿದ್ದಷ್ಟನ್ನೇ ಹೇಳಿದ. ವಾಸನೆ ಅವನಿಗೆ ಗೊತ್ತಾಗಿಲ್ಲ, ಅದನ್ನು ಹೇಳಲಿಲ್ಲ. ರಿಕ್ಷಾದವರು ತಾವೇ ಠಾಣೆಗೆ ಹೋಗಿ ಹೇಳುತ್ತೇನೆ ಅಂದಿದ್ದಾರೆ. ಒಳ್ಳೆಯ ಮನುಷ್ಯ. ಹತ್ತಿರದ ಅಂಗಡಿಯ ಕ್ಯಾಮೆರಾದಲ್ಲಿ ಕಾರು ಸರ್ವಿಸ್ ರಸ್ತೆಗೆ ಉಲ್ಟಾ ತಿರುಗುವುದು ಕಾಣುತ್ತದೆ. ಅಂಗಡಿಯವರು ಅದನ್ನು ತೆಗೆದಿಟ್ಟಿದ್ದಾರೆ, ಪೊಲೀಸರಿಗೂ ತಿಳಿಸಿದ್ದೇವೆ.

ಮಧ್ಯಸ್ಥಿಕೆಯವರು ಮತ್ತೆ ಫೋನ್ ಮಾಡಿದ್ದರು. ಈಗ ಒಂದೂವರೆ ಲಕ್ಷ ಅಂತೆ.

ಗೋಳಿಬಜೆ

ನೋಡಿ, ಹೇಳಿಕೆ ಆದ ಕೂಡಲೇ ರೇಟು ಡಬಲ್!

ಸೀದಾ ಮಾತು

ಒಂದೂವರೆ ಅಂದರೆ ಯೋಚನೆ ಮಾಡಬಹುದು ಅಂತ ನನ್ನ ಅಭಿಪ್ರಾಯ. ಬೈಯಬೇಡಿ.

ನೀರ್‌ದೋಸೆ

ರಾಡ್ ತೆಗೆಯುವ ಆಪರೇಷನ್ ನೀವು ಮಾಡಿಸಿಕೊಡುತ್ತೀರಾ?

ರಾತ್ರಿ ಪಾಳಿ

ರಿಕ್ಷಾದವರಿಗೆ ಒಂದು ಮಾತು ತಿಳಿಸಿ. ಗಾಯಾಳುವನ್ನು ಸಹಾಯಕ್ಕೆ ಎತ್ತಿದವರಿಗೆ ಮೋಟಾರು ಕಾಯ್ದೆಯ 134ಎ ರಕ್ಷಣೆ ಉಂಟು, ಹೆಸರು ವಿಳಾಸ ಕೊಡಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಅವರಾಗಿ ಸಾಕ್ಷಿ ಹೇಳುತ್ತೇನೆ ಅಂದರೆ ಅದು ಅವರ ದೊಡ್ಡ ಮನಸ್ಸು.

ಬಜ್ಪೆ ಬಾಯ್

ಇಲ್ಲೇ ಒಂದು ಡೌಟು. ನನ್ನ ಗೆಳೆಯ ಕುಡಿದು ಓಡಿಸುತ್ತಿದ್ದ ಕಾರಿನಲ್ಲಿ ನಾನು ಹಿಂದೆ ಕೂತಿದ್ದೆ. ಮೋರಿಗೆ ಗುದ್ದಿ ನನ್ನ ಕೈ ಮುರಿದಿದೆ. ನನಗೆ ಸಿಗುತ್ತದಾ?

ಕರಿಕೋಟು

ಅದು ಪಾಲಿಸಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಖಾಸಗಿ ಕಾರಿನ ಒಳಗೆ ಕೂತವರು ಅದರಲ್ಲಿ ಬರುವುದಿಲ್ಲ ಅಂತ ಕಂಪನಿ ಹೇಳುತ್ತದೆ. ಕಾರಿನ ಡ್ಯಾಮೇಜೂ ಸೇರಿದ ಪ್ಯಾಕೇಜ್ ಪಾಲಿಸಿ ಇದ್ದರೆ ದಾರಿ ಉಂಟು. ಕುಡಿದಿದ್ದಾನೆ ಅಂತ ಗೊತ್ತಿದ್ದೂ ಹತ್ತಿದಿರಿ ಅನ್ನುವ ವಾದ ಬೇರೆ ಎದುರಿಸಬೇಕು. ಪಾಲಿಸಿಯ ಮೊದಲ ಪುಟ ನೋಡದೆ ಹೆಚ್ಚು ಹೇಳಲಾರೆ. ಬೇರೆ ಪೋಸ್ಟ್ ಮಾಡಿ ಹಾಕಿ, ಹೆಸರು, ಫೋನ್ ನಂಬರ್, ಗಾಡಿ ನಂಬರ್ ಮುಚ್ಚಿ ಹಾಕಿ.